ಮೂರನೇ ಗಾಡಿಯ ಕಿಲುಬು

"ಓದಿದ್ದಾಯ್ತು. ಸಹಿ ಹಾಕಲ್ಲ."

ಮೆಕ್ಯಾನಿಕ್ ಬ್ಯಾಟರಿಯಕ್ಕ ತಪ್ಪೊಪ್ಪಿಗೆಯ ಕಾಗದವನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಪೆನ್ನು ಇಟ್ಟಳು. ಎರಡನ್ನೂ ಒಂದೇ ಬೆರಳಿನಿಂದ ಸೂಪರ್‌ವೈಸರನ ಕಡೆಗೆ ತಳ್ಳಿದಳು.

ಆಸ್ಪತ್ರೆಯ ಹಿಂಭಾಗದಲ್ಲಿದ್ದ ಗಾಡಿ ಶೆಡ್ಡಿನ ಆಫೀಸು ಅದು. ತಗಡಿನ ಗೋಡೆ, ಒಂದು ಮೇಜು, ಮೂರು ಕುರ್ಚಿ, ಒಂದು ಫೋನು. ಕಿಟಕಿಯಾಚೆ ನಾಲ್ಕು ಆಂಬುಲೆನ್ಸ್ ನಿಲ್ಲುವಷ್ಟು ಜಾಗ. ಬೆಳಗಿನ ಹತ್ತು ಗಂಟೆಗೇ ತಗಡು ಕಾದು ಚಟಪಟ ಸದ್ದು ಮಾಡುತ್ತಿತ್ತು.

ನಿನ್ನೆ ಇದೇ ಹೊತ್ತಿಗೆ, ಬಣ್ಣದ ಗೋದಾಮಿಗೆ ಬೆಂಕಿ ಇಟ್ಟವರನ್ನು ಕಣ್ಣಾರೆ ಕಂಡಿದ್ದ ಒಬ್ಬನೇ ಸಾಕ್ಷಿ, ಮೈ ಸುಟ್ಟುಕೊಂಡ ಆ ಕಾವಲುಗಾರ, ದೊಡ್ಡಾಸ್ಪತ್ರೆಗೆ ಸಾಗಿಸಬೇಕಿದ್ದ, ಸ್ಟಾರ್ಟ್ ಆಗದ ಮೂರನೇ ಆಂಬುಲೆನ್ಸಿನೊಳಗೇ ಪ್ರಾಣ ಬಿಟ್ಟಿದ್ದ.

"ಏನೇ, ಸಹಿ ಹಾಕಲ್ಲ ಅಂದ್ರೆ?" ಸೂಪರ್‌ವೈಸರ್ ಕುರ್ಚಿಯಿಂದ ಅರ್ಧ ಎದ್ದ. "ಬ್ಯಾಟರಿ ಟರ್ಮಿನಲ್ ಮೇಲೆ ಹಿಡಿ ಕಿಲುಬು ಕೂತಿದೆ. ಫೋಟೋ ಇದೆ ನನ್ನತ್ರ. ಕ್ಲೀನ್ ಮಾಡಬೇಕಾದವಳು ನೀನು. ಮಾಡಿಲ್ಲ. ಮನುಷ್ಯ ಸತ್ತ. ಇದರಲ್ಲಿ ಓದೋಕೇನಿದೆ?"

"ಮೊದಲು ಏನ್ರೀ ಅನ್ನಿ. ಆಮೇಲೆ ಮಾತಾಡೋಣ."

ಸೂಪರ್‌ವೈಸರನ ಮುಖ ಕೆಂಪಾಯಿತು. ಶೆಡ್ಡಿನವರು ಬೆನ್ನ ಹಿಂದೆ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಗ್ರೀಸು, ಡೀಸೆಲ್ಲುಗಳ ನಡುವೆ ಹದಿನೈದು ವರ್ಷ ಕಳೆದರೂ ಅಂಗಿಗೆ ಒಂದು ಚುಕ್ಕೆ ಕಲೆ ಮಾಡಿಕೊಳ್ಳದ ಮನುಷ್ಯ. ಈ ಸೆಕೆಯಲ್ಲೂ ತುಂಬುತೋಳಿನ ಗುಂಡಿ ಹಾಕಿಕೊಂಡೇ ಕೂತಿದ್ದ.

ಇನ್‌ಸ್ಪೆಕ್ಟರ್ ಕಿಟಕಿಗೆ ಒರಗಿ ನಿಂತಿದ್ದಳು. ಮಧ್ಯಾಹ್ನದೊಳಗೆ 'ನಿರ್ಲಕ್ಷ್ಯದಿಂದ ಸಾವು' ಎಂದು ಬರೆದು ಕಡತ ಮುಗಿಸಬೇಕೆಂದು ಮೇಲಿನವರು ಬೆಳಿಗ್ಗೆಯೇ ಅಪ್ಪಣೆ ಮಾಡಿದ್ದರು. ಮುಗಿಸುವುದು ಸುಲಭವಿತ್ತು. ಆದರೆ ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ನೋಡಿದ ತಪ್ಪಿತಸ್ಥರು ಅತ್ತಿದ್ದರು, ಕಾಲು ಹಿಡಿದಿದ್ದರು, ಸುಳ್ಳು ಹೇಳಿದ್ದರು. ಗೌರವ ಕೊಟ್ಟು ಮಾತಾಡಿ ಎಂದು ಜಗಳ ತೆಗೆದವರನ್ನು ಅವಳು ನೋಡಿರಲಿಲ್ಲ.

"ಸಹಿ ಹಾಕದಿದ್ರೆ ಏನಾಗುತ್ತೆ ಗೊತ್ತಾ ನಿಮಗೆ?" ಅವಳು ಕೇಳಿದಳು.

"ಗೊತ್ತು ಮೇಡಂ. ಕೆಲಸ ಹೋಗುತ್ತೆ. ನೀವು ಹಿಡ್ಕೊಂಡು ಹೋಗ್ತೀರಿ." ಅಕ್ಕ ಕೈಕಟ್ಟಿ ನಿಂತಳು. "ಹಾಕಿದ್ರೆ ಇನ್ನೂ ದೊಡ್ಡದು ಹೋಗುತ್ತೆ. ಈ ಊರಲ್ಲಿ ಯಾರ ಗಾಡಿ ನಿಂತ್ರೂ 'ಬ್ಯಾಟರಿಯಕ್ಕನ್ನ ಕರೀರಿ' ಅಂತಾರೆ. ಇಪ್ಪತ್ತೆರಡು ವರ್ಷದಿಂದ. ಅದನ್ನ ಈ ಕಾಗದಕ್ಕೆ ಕೊಟ್ಟು ಮನೆಗೆ ಹೋಗ್ಲಾ? ಹೋದ್ರೆ ನಮ್ಮತ್ತೆ ಬಾಗಿಲು ತೆಗೆಯಲ್ಲ."

"ಅತ್ತೆಗೂ ಇದಕ್ಕೂ ಏನು ಸಂಬಂಧ?" ಇಸ್ತ್ರಿ ಗದರಿದ.

"ಕೆಲಸ ಕಲಿಸಿದ್ದೇ ಅವರು. ಮಾವ ತೀರಿಕೊಂಡ ಮೇಲೆ ಬ್ಯಾಟರಿ ಅಂಗಡಿ ನಡೆಸಿದ್ದು ನಮ್ಮತ್ತೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆ ತೋರಿಸಲಿಲ್ಲ, ಆಸಿಡ್ ಡಬ್ಬ ತೋರಿಸಿದ್ರು. ನಾನು ಕ್ಲೀನ್ ಮಾಡಿದ ಟರ್ಮಿನಲ್ಲನ್ನ ಬಿಳಿ ಕರವಸ್ತ್ರದಲ್ಲಿ ಒರೆಸಿ ನೋಡೋರು. ಕಲೆ ಕಂಡ್ರೆ ಅವತ್ತು ನನಗೆ ಕಾಫಿ ಇಲ್ಲ." ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಗಾಡಿಗೆ ನಿಮ್ಮ ಸೀಲ್ ಇದೆ. ಬಿಚ್ಚಿ. ನೋಡದೆ ತೀರ್ಮಾನ ಮಾಡ್ಬೇಡಿ."

"ಅದೆಲ್ಲ ಬೇಕಾಗಿಲ್ಲ ಮೇಡಂ, ಫೋಟೋನೇ ಇದೆಯಲ್ಲ," ಎಂದ ಇಸ್ತ್ರಿ.

ಆ ಅವಸರ ಇನ್‌ಸ್ಪೆಕ್ಟರಿಗೆ ಹಿಡಿಸಲಿಲ್ಲ. "ಬನ್ನಿ," ಎಂದಳು, ಮೂವರಿಗೂ ಸೇರಿಸಿ.

ಮೂರನೆಯವರು ಬಾಗಿಲ ಬಳಿ ಸ್ಟೂಲಿನ ಮೇಲೆ ಮುದುಡಿ ಕೂತಿದ್ದರು. ಮೂರನೇ ಗಾಡಿಯ ಡ್ರೈವರ್. ಶೆಡ್ಡಿನವರು ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಇನ್ನೆರಡು ತಿಂಗಳು ಬಾಕಿ. 'ಟರ್ಮಿನಲ್ಲಿನ ಮೇಲೆ ಕಿಲುಬು ಇದ್ದುದನ್ನು ಕಂಡಿದ್ದೇನೆ' ಎಂಬ ಕಾಗದಕ್ಕೆ ನಿನ್ನೆ ಸಂಜೆಯೇ ಸಹಿ ಹಾಕಿದ್ದರು. ಆಗಿನಿಂದ ಅಕ್ಕನ ಮುಖ ನೋಡಿರಲಿಲ್ಲ.

*

ಸೀಲ್ ಬಿಚ್ಚಿ ಬಾನೆಟ್ ಎತ್ತಿದರು. ಬ್ಯಾಟರಿಯ ಎರಡೂ ಟರ್ಮಿನಲ್ ಕಂಬಗಳ ಮೇಲೆ ನೀಲಿ ಬಿಳಿ ಹುಡಿ ದಪ್ಪಗೆ ಕೂತಿತ್ತು.

"ನೋಡಿ, ನೋಡಿ!" ಇಸ್ತ್ರಿಯ ದನಿ ಏರಿತು. "ಆರು ತಿಂಗಳಿಂದ ಕೈ ಹಾಕಿಲ್ಲ!"

"ಶುಕ್ರವಾರ ಮಧ್ಯಾಹ್ನ ಹಾಕಿದ್ದೆ," ಎಂದಳು ಅಕ್ಕ.

ಇನ್‌ಸ್ಪೆಕ್ಟರ್ ಮೊಬೈಲಿನಲ್ಲಿ ಎಲ್ಲ ಕೋನಗಳಿಂದ ಫೋಟೋ ತೆಗೆದುಕೊಂಡಳು. ಅಕ್ಕ ಬೆರಳಿನ ಉಂಗುರ ಎಳೆದು ಜೇಬಿಗೆ ಹಾಕಿದಳು, ಕೈಗಡಿಯಾರ ಬಿಚ್ಚಿದಳು, ರಬ್ಬರ್ ಕೈಗವಸು ತೊಟ್ಟಳು.

"ಉಂಗುರ ಯಾಕೆ ತೆಗೆದ್ರಿ?"

"ಮೈಮೇಲೆ ಲೋಹ ಇದ್ರೆ ಕರೆಂಟಿಗೆ ಅದೇ ದಾರಿ. ಹನ್ನೆರಡು ವೋಲ್ಟ್ ತಾನೇ ಅಂತ ಉಡಾಫೆ ಮಾಡ್ತಾರೆ. ಶಾಕ್ ಹೊಡೆಯಲ್ಲ, ನಿಜ. ಆದ್ರೆ ಸ್ಪ್ಯಾನರು, ಉಂಗುರ, ಗಾಡಿಯ ಬಾಡಿ ಒಟ್ಟಿಗೆ ತಾಗಿದ್ರೆ ಉಂಗುರ ಕೆಂಡ ಆಗುತ್ತೆ."

ಅವಳು ಬಿಳಿ ಬಟ್ಟೆಯ ತುಂಡೊಂದನ್ನು ಬೆರಳಿಗೆ ಸುತ್ತಿ ಪಾಸಿಟಿವ್ ಕಂಬವನ್ನು ಒಂದೇ ಸಲ ಒರೆಸಿದಳು.

ಹುಡಿ ಉದುರಲಿಲ್ಲ. ಹಾಲಿನ ಕೆನೆಯ ಹಾಗೆ ಒಂದೇ ಪದರವಾಗಿ ಬಟ್ಟೆಗೆ ಅಂಟಿಕೊಂಡು ಬಂತು. ಪದರದ ಅಡಿಯಲ್ಲಿ ಜಿಡ್ಡು, ಜಿಡ್ಡಿನ ಅಡಿಯಲ್ಲಿ ಹೊಳೆಯುವ ಸೀಸ.

"ಮೇಡಂ, ಸಾಕ್ಷಿ ಅಳಿಸ್ತಿದ್ದಾಳೆ!"

"ಅವರು ಮುಟ್ಟೋ ಮುಂಚೆ ಎಂಟು ಫೋಟೋ ತೆಗೆದಿದ್ದೀನಿ," ಎಂದಳು ಇನ್‌ಸ್ಪೆಕ್ಟರ್. ಕವರೊಂದನ್ನು ಬಿಡಿಸಿ ಹಿಡಿದಳು. "ಬಟ್ಟೆ ಇದಕ್ಕೆ ಹಾಕಿ, ಅಕ್ಕ. ಈಗ ಹೇಳಿ."

"ಕಿಲುಬು ಒಳಗಿಂದ ಹುಟ್ಟುತ್ತೆ ಮೇಡಂ. ಬ್ಯಾಟರಿಯ ಆಸಿಡ್ ಆವಿ ಕಂಬದ ಬುಡದಿಂದ ಜಿನುಗಿ, ಸೀಸಕ್ಕೆ, ತಂತಿಯ ತಾಮ್ರಕ್ಕೆ ತಾಗಿ, ಕಚ್ಕೊಂಡು ಬೆಳೆಯುತ್ತೆ. ಬಟ್ಟೆಗೆ ಬರಲ್ಲ. ಅಡುಗೆ ಸೋಡಾನ ಬಿಸಿನೀರಲ್ಲಿ ಕಲಸಿ ಹಾಕಿದ್ರೆ ಬುಸುಬುಸು ನೊರೆ ಬರುತ್ತೆ, ಆಮೇಲೆ ಬ್ರಷ್ಷಿಂದ ಉಜ್ಜಬೇಕು. ಉಜ್ಜಿದ ಮೇಲೂ ಕೆಳಗೆ ಲೋಹ ಗುಳಿ ಬಿದ್ದಿರುತ್ತೆ. ಇಲ್ಲಿ ಗುಳಿ ತೋರಿಸಿ ನೋಡೋಣ?"

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಗುಳಿ ಇರಲಿಲ್ಲ.

"ಶುಕ್ರವಾರ ನಾನು ಸೋಡಾ ನೀರು ಹಾಕಿ ಉಜ್ಜಿ, ಒಳ್ಳೆ ನೀರಲ್ಲಿ ತೊಳೆದು, ಒಣಗಿಸಿ, ತಂತಿಯ ಕ್ಲಾಂಪ್ ಬಿಗಿ ಮಾಡಿ, ಆಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದೆ. ಗಾಳಿ, ಆವಿ ತಾಗದಿರಲಿ ಅಂತ. ಈ ಹುಡಿ ಆ ಜೆಲ್ಲಿ ಮೇಲೆ ಕೂತಿದೆ. ಅಂದ್ರೆ ಬೆಳೆದಿದ್ದಲ್ಲ, ಯಾರೋ ಉದುರಿಸಿದ್ದು."

"ಏನಿದು?"

"ಪರೀಕ್ಷೆಗೆ ಕಳಿಸಿ. ನೀಲಿ ಹರಳು ನೋಡಿದ್ರೆ ನನಗೆ ಮೈಲುತುತ್ತ ಅನ್ಸುತ್ತೆ. ಗಿಡಗಳಿಗೆ ಹೊಡೆಯೋ ಔಷಧಿ, ಬೀಜದ ಅಂಗಡೀಲಿ ಪೊಟ್ಟಣ ಸಿಗುತ್ತೆ. ಬಿಳಿದು ಉಪ್ಪೋ ಏನೋ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಅಷ್ಟೇ."

ಇಸ್ತ್ರಿ ನಗಲು ನೋಡಿದ. "ಕತೆ ಚೆನ್ನಾಗಿದೆ. ಹುಡಿ ಉದುರಿಸಿದ್ರೆ ಗಾಡಿ ನಿಲ್ಲುತ್ತಾ?"

"ನಿಲ್ಲಲ್ಲ," ಅಕ್ಕ ತಕ್ಷಣ ಒಪ್ಪಿದಳು. "ಅದಕ್ಕೇ ನಾನೂ ಕೇಳ್ತಿರೋದು. ಯಜಮಾನ್ರೇ, ನಿನ್ನೆ ಕೀ ತಿರುಗಿಸಿದಾಗ ಏನಾಯ್ತು?"

ಡ್ರೈವರ್ ನೆಲ ನೋಡಿದರು. "ಏನೂ ಆಗಲಿಲ್ಲಮ್ಮ."

"ಟಕ್ ಟಕ್ ಅಂತಾದ್ರೂ?"

"ಇಲ್ಲ. ದೀಪ ಇಲ್ಲ, ಹಾರ್ನ್ ಇಲ್ಲ. ಹೆಣ ಬಿದ್ದ ಹಾಗೆ..." ಅವರು ನಾಲಿಗೆ ಕಚ್ಚಿಕೊಂಡರು.

"ಬೆಳಿಗ್ಗೆ ಏಳಕ್ಕೆ?"

"ದಿನಾ ಏಳಕ್ಕೆ ಸ್ಟಾರ್ಟ್ ಮಾಡಿ ನೋಡ್ತೀನಲ್ಲ. ಒಂದೇ ಸಲಕ್ಕೆ ಗುರ್ ಅಂತು."

"ಕೇಳಿದ್ರಾ ಮೇಡಂ? ಕಿಲುಬಿನಿಂದ ಕೆಡೋ ಗಾಡಿ ವಾರಗಟ್ಟಲೆ ಮುಂಚೆಯಿಂದ ಗೊಣಗುತ್ತೆ. ದೀಪ ಮಂಕಾಗುತ್ತೆ, ಇಂಜಿನ್ ಎಳೆದೆಳೆದು ತಿರುಗುತ್ತೆ. ಏಳಕ್ಕೆ ಗುರ್ ಅಂದಿದ್ದು ಒಂಬತ್ತೂ ನಲವತ್ತಕ್ಕೆ ಪೂರ್ತಿ ಸತ್ತು ಬಿದ್ದಿರಲ್ಲ."

ಅವಳು ಮೊದಲು ನೆಗೆಟಿವ್ ಕ್ಲಾಂಪ್ ಬಿಚ್ಚಿ ತಂತಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಪಾಸಿಟಿವ್ ಕಡೆಯದು. ಹತ್ತನೇ ನಂಬರ್ ಸ್ಪ್ಯಾನರಿನ ನಾಲ್ಕು ಸುತ್ತಿಗೆ ಕ್ಲಾಂಪ್ ಸಡಿಲವಾಗಿ ಎದ್ದು ಬಂತು. ಅವಳು ಕಂಬದ ಸುತ್ತ ಬೆರಳ ತುದಿ ಆಡಿಸಿದಳು. ಏನೋ ಸಿಕ್ಕಿತು. ಮೆಲ್ಲಗೆ ಎಳೆದಳು.

ಗಾಜಿನಂತೆ ಪಾರದರ್ಶಕವಾದ, ತೆಳ್ಳಗಿನ ಅಂಟು ಪಟ್ಟಿ. ಗಾಯಕ್ಕೆ ಹಚ್ಚುವಂಥದ್ದು. ಕಂಬಕ್ಕೆ ಮೂರು ಸುತ್ತು ಸುತ್ತಿತ್ತು.

ಅಕ್ಕ ಅದನ್ನು ಬೆಳಕಿಗೆ ಹಿಡಿದಳು.

ಇನ್‌ಸ್ಪೆಕ್ಟರಿಗೆ ವಿವರಣೆ ಬೇಕಿರಲಿಲ್ಲ. ಕಂಬಕ್ಕೂ ಕ್ಲಾಂಪಿಗೂ ನಡುವೆ ಪ್ಲಾಸ್ಟಿಕ್. ಬ್ಯಾಟರಿ ತುಂಬಿದ್ದರೂ ಗಾಡಿಗೆ ಒಂದು ಹನಿ ಕರೆಂಟಿಲ್ಲ. ಮೇಲೆ ಕಿಲುಬಿನ ವೇಷ. ಒಳಗೆ ಮಲಗಿದ್ದ ಮನುಷ್ಯನ ಗಂಟಲಿನ ಕಫ ಎಳೆಯುವ ಯಂತ್ರ ಗಾಡಿಯ ಕರೆಂಟಿನಲ್ಲೇ ನಡೆಯಬೇಕಿತ್ತು. ಮೂವತ್ತೈದು ನಿಮಿಷ ಅವನು ಉಸಿರಿಗಾಗಿ ಒದ್ದಾಡಿದ್ದ.

ಇನ್‌ಸ್ಪೆಕ್ಟರ್ ಪಟ್ಟಿಯನ್ನು ಕವರಿಗೆ ಹಾಕಿಕೊಂಡಳು. "ಇದು ನಿರ್ಲಕ್ಷ್ಯ ಅಲ್ಲ," ಎಂದಳು. "ಕೊಲೆ."

*

"ಇನ್ನೊಂದಿದೆ," ಅಕ್ಕ ಬ್ಯಾಟರಿಯನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯನ್ನು ತೋರಿಸಿದಳು. ಪಟ್ಟಿಯ ಕಪ್ಪು ಬಣ್ಣ ಒಂದು ಕಡೆ ಸೀದು, ಸಾಲಾಗಿ ನಾಲ್ಕು ಪುಟ್ಟ ಚುಕ್ಕೆ ಬಿದ್ದಿದ್ದವು. "ಶುಕ್ರವಾರ ಇದು ಇರಲಿಲ್ಲ. ಕೆಲಸ ಗೊತ್ತಿರೋರು ಯಾವಾಗಲೂ ಗಾಡಿಯ ಬಾಡಿ ಜೊತೆ ಸೇರಿರೋ ನೆಗೆಟಿವ್ ಮೊದಲು ಬಿಚ್ತಾರೆ. ಇವರು ನೇರವಾಗಿ ಪಾಸಿಟಿವ್‌ಗೆ ಸ್ಪ್ಯಾನರ್ ಹಾಕಿದ್ದಾರೆ. ಮುಂಗೈ ಈ ಪಟ್ಟಿಗೆ ತಾಗಿದೆ. ಮುಂಗೈಯಲ್ಲಿ ಲೋಹದ ಸರಪಳಿ ಇತ್ತು. ಸ್ಪ್ಯಾನರಿನ ತುದಿ ಅದಕ್ಕೂ ತಾಗಿ ಚಟ್ ಅಂದಿದೆ."

"ಸರಪಳಿ?"

"ಕೈಗಡಿಯಾರದ್ದು."

ಡ್ರೈವರ್ ತಲೆ ಎತ್ತಿದರು. ಅವರ ದೃಷ್ಟಿ ಇಸ್ತ್ರಿಯ ಎಡ ಮುಂಗೈಯ ಮೇಲೆ ನಿಂತಿತು, ಗುಂಡಿ ಹಾಕಿದ ತೋಳಿನ ಅಂಚಿನಲ್ಲಿ.

"ಹದಿನೈದು ವರ್ಷದಿಂದ ನಾನು ಎಷ್ಟು ನಿಮಿಷ ತಡ ಅಂತ ಆ ಗಡಿಯಾರ ನೋಡೇ ಬೈದಿದ್ದಾರೆ," ಎಂದರು ನಿಧಾನವಾಗಿ. "ನಿನ್ನೆಯಿಂದ ಅದು ಕಾಣ್ತಿಲ್ಲ."

"ರಿಪೇರಿಗೆ ಕೊಟ್ಟಿದ್ದೀನಿ. ಅದಕ್ಕೂ ನಿಮಗೆ ಲೆಕ್ಕ ಒಪ್ಪಿಸ್ಬೇಕಾ?"

"ಅಂಗಿ ತೋಳು ಮಡಚಿ," ಎಂದಳು ಇನ್‌ಸ್ಪೆಕ್ಟರ್.

"ಮೇಡಂ, ಒಬ್ಬ ಮೆಕ್ಯಾನಿಕ್ ಹೆಂಗಸಿನ ಮಾತು ಕೇಳ್ಕೊಂಡು—"

"ನೀವೇ ಮಡಚ್ತೀರಾ, ನಾನು ಮಡಚಲಾ?"

ಇಸ್ತ್ರಿ ಗುಂಡಿ ಬಿಚ್ಚಿದ. ಮುಂಗೈಯ ಸುತ್ತ ಕೆಂಪು ಗುಳ್ಳೆಗಳು ಸಾಲಾಗಿ ಎದ್ದಿದ್ದವು, ಒಂದರ ಪಕ್ಕ ಒಂದು, ಗಡಿಯಾರದ ಸರಪಳಿಯ ಕೊಂಡಿಗಳ ಅಚ್ಚು ಒತ್ತಿದ ಹಾಗೆ.

"ಬಿಸಿನೀರು ಬಿತ್ತು," ಎಂದ. ಅವನಿಗೇ ಆ ಮಾತು ಸಪ್ಪೆ ಅನಿಸಿರಬೇಕು. ಕೂಡಲೇ ದನಿ ಏರಿಸಿದ. "ಕೋರ್ಟಲ್ಲಿ ನಿಲ್ಲುತ್ತಾ ಇದೆಲ್ಲ? ಯಾರ ಕೈ ಬೇಕಾದ್ರೂ ಸುಡಬಹುದು. ಯಜಮಾನ್ರು ಸಹಿ ಹಾಕಿದ ಕಾಗದ ಇದೆ ನನ್ನತ್ರ. ಏನ್ರೀ ಯಜಮಾನ್ರೇ, ಇನ್ನೆರಡು ತಿಂಗಳು ಇದೆ ನಿಮ್ದು. ನೆನಪಿರಲಿ."

ಡ್ರೈವರ್ ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

"ಅವನು ನನ್ನ ಕೈ ಹಿಡ್ಕೊಂಡಿದ್ದ ಮೇಡಂ," ಎಂದರು. "ಕಾವಲುಗಾರ. ಹಿಂದೆ ಹೋಗಿ ನೋಡ್ದೆ, ಕೈ ಹಿಡ್ಕೊಂಡ. ನಾನು ಓಡಿ ಬಂದು ಬಾನೆಟ್ ತೆಗೆದು ಕ್ಲಾಂಪಿಗೆ ಕೈ ಹಾಕ್ದೆ. ಬಿಚ್ಚಿ ನೋಡೋಣ ಅಂತ. ಇವರು ತಡೆದ್ರು. 'ಮುಟ್ಟಬೇಡ, ಮೆಕ್ಯಾನಿಕ್ ಈಗ ಬರ್ತಾಳೆ, ರೋಗೀನ ಇಳಿಸಿ ವಾರ್ಡಿಗೆ ಒಯ್ಯೋದೂ ಬೇಡ' ಅಂದ್ರು. ಬೇರೆ ಮೂರು ಗಾಡಿನೂ ಹೊರಗೆ ಹೋಗಿದ್ವು. ನಾನು ಅವರ ಮಾತು ಕೇಳ್ದೆ. ಇಪ್ಪತ್ತೊಂಬತ್ತು ವರ್ಷ ಗಾಡಿ ಓಡಿಸಿದವನು, ಕೇಳ್ಕೊಂಡು ಕೂತೆ." ಅವರು ಇಸ್ತ್ರಿಯತ್ತ ತಿರುಗಿದರು. "ಆ ಎರಡು ತಿಂಗಳು ನೀನೇ ಇಟ್ಕೊ. ನನ್ನ ಕಾಗದ ಸುಳ್ಳು. ಹೊಸದು ಬರೀತೀನಿ, ಮೇಡಂ ಎದುರಿಗೇ."

ಅಕ್ಕ ಮೊದಲ ಸಲ ಅವರ ಮುಖ ನೋಡಿದಳು. ತನ್ನ ನೀರಿನ ಬಾಟಲಿ ಅವರ ಕೈಗೆ ಕೊಟ್ಟಳು.

*

ಮತ್ತೆ ಆಫೀಸು. ಈಗ ಕುರ್ಚಿಯಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದಳು. ಇಸ್ತ್ರಿ ನಿಂತಿದ್ದ.

"ಗಾಡಿ ಕೊಡಿ ಅಂತ ಆಸ್ಪತ್ರೆಯಿಂದ ಚೀಟಿ ಬಂದಿದ್ದು ಎಷ್ಟು ಹೊತ್ತಿಗೆ?"

"ಒಂಬತ್ತೂ ಹತ್ತು."

"ಅದಕ್ಕೆ ಮುಂಚೆ ಕಾವಲುಗಾರನ್ನ ಸಾಗಿಸ್ತಾರೆ ಅಂತ ನಿಮಗೆ ಗೊತ್ತಿರಲಿಲ್ಲ?"

"ಹೇಗೆ ಗೊತ್ತಿರುತ್ತೆ? ನಾನೇನು ಡಾಕ್ಟರಾ?"

"ಸುಳ್ಳು," ಎಂದಳು ಅಕ್ಕ. "ಎಂಟು ಗಂಟೆಗೇ ನನ್ನನ್ನ ಊರಾಚೆ ಸ್ಪೇರ್ ಪಾರ್ಟ್ ತರೋಕೆ ಓಡಿಸಿದ್ರಿ. ಫ್ಯಾನ್ ಬೆಲ್ಟ್ ಬೇಕು ಅಂದ್ರಿ. ಕಪಾಟಲ್ಲಿ ಆರು ಬೆಲ್ಟ್ ಇದೆ. ನಾನಿದ್ದಿದ್ರೆ ಆ ಪಟ್ಟಿ ಎರಡು ನಿಮಿಷದಲ್ಲಿ ಕಿತ್ತು ಬಿಸಾಕಿ ಗಾಡಿ ಕಳಿಸ್ತಿದ್ದೆ. ಅದು ನಿಮಗೆ ಗೊತ್ತಿತ್ತು. ಚೀಟಿ ಬರೋಕೆ ಒಂದು ಗಂಟೆ ಮುಂಚೆ ಯಾರು ಹೇಳಿದ್ರು ನಿಮಗೆ?"

ಇಸ್ತ್ರಿಯ ಕಣ್ಣು ಒಂದು ಕ್ಷಣ ಮೇಜಿನ ಫೋನಿನತ್ತ ಹೋಗಿ ಬಂತು. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಿತ್ತು.

ಹಳೆಯ ಮೇಜಿನ ಫೋನು. ಬಂದ ಕರೆಗಳ ನಂಬರು ತೋರಿಸುವ ಪುಟ್ಟ ಕಿಟಕಿ ಅದಕ್ಕಿತ್ತು. ಅವಳು ಗುಂಡಿ ಒತ್ತುತ್ತ ಹಿಂದೆ ಹೋದಳು. ಇಂದು ಬೆಳಿಗ್ಗೆ. ನಿನ್ನೆ ಸಂಜೆ. ನಿನ್ನೆ ಮಧ್ಯಾಹ್ನ. ನಿನ್ನೆ ಬೆಳಿಗ್ಗೆ, ಏಳೂ ಐವತ್ತೆರಡು.

ಗುಂಡಿಯ ಮೇಲಿದ್ದ ಬೆರಳು ಅಲ್ಲೇ ನಿಂತಿತು.

ಆ ನಂಬರನ್ನು ಅವಳು ಯಾವ ಪುಸ್ತಕದಲ್ಲೂ ಹುಡುಕಬೇಕಿರಲಿಲ್ಲ. ಶಾಲೆಗೆ ಸೇರಿದ ದಿನ, ಕಳೆದುಹೋದರೆ ಯಾರಿಗಾದರೂ ಹೇಳು ಎಂದು ಬಾಯಿಪಾಠ ಮಾಡಿಸಿದ್ದ ನಂಬರು. ಅವಳ ತವರುಮನೆಯದು. ಈಗ ಆ ಮನೆಯಲ್ಲಿ ಇದ್ದವರು ಅಪ್ಪ, ತಮ್ಮ, ಇಬ್ಬರೇ. ಕಾವಲುಗಾರನಿಗೆ ಎಚ್ಚರ ಬಂದ, ಅವನನ್ನು ದೊಡ್ಡಾಸ್ಪತ್ರೆಗೆ ಸಾಗಿಸಲಿರುವ ಸುದ್ದಿಯನ್ನು ನಿನ್ನೆ ಏಳೂವರೆಗೆ ಅವಳು ಹೇಳಿದ್ದು ಒಬ್ಬರಿಗೆ ಮಾತ್ರ. ಒಂದು ಕಾಲಕ್ಕೆ ಅವಳದೇ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಅಪ್ಪನಿಗೆ.

"ಯಾರದ್ದು ಮೇಡಂ?" ಅಕ್ಕ ಕೇಳಿದಳು.

ಇಸ್ತ್ರಿ ತಗ್ಗಿದ ದನಿಯಲ್ಲಿ, ಬಹುತೇಕ ಕನಿಕರದಿಂದ ಹೇಳಿದ: "ಬಿಟ್ಬಿಡಿ ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಆ ನಂಬರ್ ಅಳಿಸಿ. ಇವರಿಬ್ಬರನ್ನೂ ನಾನು ನೋಡ್ಕೊಳ್ತೀನಿ."

ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತಿತ್ತು. ಅವಳು ಅಕ್ಕನ ಕಡೆ ನೋಡಿದಳು, ಡ್ರೈವರ್ ಕಡೆ ನೋಡಿದಳು. ಕೆಲಸ ಹೋದರೂ ಸರಿ ಎಂದು ನಿಂತ ಒಬ್ಬಳು. ಎರಡು ತಿಂಗಳನ್ನು ಎಸೆದುಬಿಟ್ಟ ಒಬ್ಬರು.

ಮೊಬೈಲಿನಲ್ಲಿ ಆ ಪುಟ್ಟ ಕಿಟಕಿಯ ಫೋಟೋ ತೆಗೆದುಕೊಂಡಳು. "ನಮ್ಮಪ್ಪನ ಮನೇದು," ಎಂದಳು ಗಟ್ಟಿಯಾಗಿ. "ಹೇಳಿಕೆಯಲ್ಲಿ ಹಾಗೇ ಬರೀರಿ ಯಜಮಾನ್ರೇ. ನೀವು ಸಾಕ್ಷಿ."

ಆಮೇಲೆ ಶೆಡ್ಡಿನ ಫೋನಿನಿಂದಲೇ ಆ ನಂಬರಿಗೆ ಕರೆ ಮಾಡಿ, ಸ್ಪೀಕರ್ ಗುಂಡಿ ಒತ್ತಿದಳು.

ಎರಡನೇ ರಿಂಗಿಗೇ ಎತ್ತಿದರು.

"ಈ ನಂಬರಿಗೆ ಮಾಡ್ಬೇಡ ಅಂದಿದ್ನಲ್ಲಯ್ಯಾ!" ಅಪ್ಪನ ದನಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ. "ಮುಗೀತಾ ಅಲ್ಲಿ?"

"ಅಪ್ಪಾ, ನಾನು."

ಅತ್ತ ಕಡೆಯ ಗೋಡೆ ಗಡಿಯಾರದ ಟಿಕ್ ಟಿಕ್ ಮಾತ್ರ ಕೇಳಿಸುತ್ತಿತ್ತು.

"ಒಬ್ಬಳೇ ಬಾ," ಎಂದರು ಕೊನೆಗೆ. "ಮನೆಗೆ. ಎಲ್ಲ ಹೇಳ್ತೀನಿ."

"ಒಬ್ಬಳೇ ಬರಲ್ಲ ಅಪ್ಪಾ. ಜೀಪಲ್ಲಿ ಬರ್ತೀನಿ. ಸಿಬ್ಬಂದಿ ಕರ್ಕೊಂಡು."

"ಮಗಳೇ, ಆ ಕಾವಲುಗಾರ ಬಾಯಿ ಬಿಟ್ಟಿದ್ರೆ ಯಾರ ಹೆಸರು ಹೇಳ್ತಿದ್ದ ಗೊತ್ತಾ?" ದನಿ ಒಡೆಯಿತು. "ನಿನ್ನ ತಮ್ಮಂದು."

ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಇನ್‌ಸ್ಪೆಕ್ಟರ್ ಮೇಜಿನ ಅಂಚು ಹಿಡಿದಳು.

"ಎಲ್ಲಿದ್ದಾನೆ ಅವನು?"

"ಇಲ್ಲೇ. ನನ್ನೆದುರು ಕೂತಿದ್ದಾನೆ. ಎಲ್ಲ ಕೇಳಿಸ್ಕೊಳ್ತಿದ್ದಾನೆ."

"ಎಲ್ಲಿಗೂ ಕಳಿಸಬೇಡಿ. ಇಬ್ಬರೂ ಅಲ್ಲೇ ಇರಿ."

ಅತ್ತ ಕಡೆ ಕುರ್ಚಿ ಎಳೆದ ಸದ್ದಾಯಿತು. ಅಪ್ಪ ಮಗನಿಗೆ ಕೂಗಿ ಹೇಳಿದರು: "ಬೇಡ ಕಣೋ, ಆ ಚಾಕು ಕೆಳಗಿಡು!"

ಫೋನು ನೆಲಕ್ಕೆ ಬಿದ್ದ ಸದ್ದು. ಲೈನು ಕಡಿಯಲಿಲ್ಲ. ಗಡಿಯಾರದ ಟಿಕ್ ಟಿಕ್ ಮತ್ತೆ ಕೇಳತೊಡಗಿತು. ಅಪ್ಪನ ದನಿ ಮಾತ್ರ ಇರಲಿಲ್ಲ.